ಬಿಯೋಷಿಯಾದ ಕಂಚಿನ ಅಡಿಯಲ್ಲಿದ್ದ ಆಂಟಿಗೋನಸ್: ಹಳೆಯ ಟಂಕವನ್ನು ನಾನು ಓದಿದ ಬಗೆ

ಮರುಟಂಕಿತ ನಾಣ್ಯದಲ್ಲಿ, ಅಂದರೆ ಹಳೆಯ ನಾಣ್ಯದ ಮೇಲೆಯೇ ಹೊಸ ಚಿತ್ರ ಒತ್ತಿದ ನಾಣ್ಯದಲ್ಲಿ, ಹಳೆಯ ಚಿತ್ರವನ್ನು ಹುಡುಕಬಾರದು, ಹೊಸ ಚಿತ್ರವನ್ನು ಪೂರ್ತಿಯಾಗಿ ಕಳೆದು ಉಳಿದದ್ದನ್ನು ನೋಡಬೇಕು ಎಂದು ನಾನು ಹೇಳಿದಾಗ ನಮ್ಮ ಸಂಗ್ರಾಹಕರ ಬಳಗದ ಹಿರಿಯರು ನಕ್ಕಿದ್ದರು. ಅಂಚಿನಲ್ಲಿ ಉಳಿದ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ ಊಹಿಸುವುದಷ್ಟೇ ಸಾಧ್ಯ ಎಂಬುದು ಅವರ ನಿಲುವಾಗಿತ್ತು. ಈಗ ನನ್ನ ತಟ್ಟೆಯಲ್ಲಿರುವ ಪ್ರಾಚೀನ ಗ್ರೀಸಿನ ಬಿಯೋಷಿಯಾ ಒಕ್ಕೂಟದ ಸುಮಾರು 30 ಕಂಚಿನ ನಾಣ್ಯಗಳಲ್ಲಿ ಇಪ್ಪತ್ತಕ್ಕೂ ಹೆಚ್ಚಿನವುಗಳ ಹಳೆಯ ಟಂಕವನ್ನು (ಮೊದಲು ಒತ್ತಿದ ಚಿತ್ರವನ್ನು), ಅದು ಎಷ್ಟು ತಿರುಗಿದೆ ಎಂಬುದರ ಸಮೇತ, ತೋರಿಸಬಲ್ಲೆನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ನಾಣ್ಯ ಹೀಗಿದೆ. ಮುಮ್ಮುಖದಲ್ಲಿ ಧಾನ್ಯದ ತೆನೆಗಳನ್ನು ಮುಡಿದು ಮುಕ್ಕಾಲು ಭಾಗ ನಮ್ಮತ್ತ ತಿರುಗಿದ ಧಾನ್ಯದೇವತೆ ಡೆಮಿಟರ್ ಅಥವಾ ಅವಳ ಮಗಳು ಕೋರೆಯ ಮುಖ, ಹಿಮ್ಮುಖದಲ್ಲಿ ತ್ರಿಶೂಲವನ್ನೂ ಡಾಲ್ಫಿನ್ನನ್ನೂ ಹಿಡಿದು ನಿಂತ ಸಮುದ್ರದೇವ ಪೊಸೈಡನ್. ಇವುಗಳಲ್ಲಿ ಬಹಳಷ್ಟನ್ನು ಮ್ಯಾಸಿಡೋನಿಯಾದ ದೊರೆ ಆಂಟಿಗೋನಸನ ಕಂಚಿನ ಮೇಲೆ, ಅಂದರೆ ಕಾರಿಂಥಿಯನ್ ಶಿರಸ್ತ್ರಾಣ ತೊಟ್ಟ ದೇವತೆ ಅಥೀನಾ ಒಂದು ಕಡೆ, ವಿಜಯಸ್ತಂಭ ನಿಲ್ಲಿಸುತ್ತಿರುವ ಮೇಕೆಗಾಲಿನ ದೇವ ಪ್ಯಾನ್ ಇನ್ನೊಂದು ಕಡೆ ಇರುವ ನಾಣ್ಯದ ಮೇಲೆ ಒತ್ತಿದ್ದಾರೆ. ಆ ಹಳೆಯ ನಾಣ್ಯ ಆಂಟಿಗೋನಸ್ ಎಂಬ ಹೆಸರಿನ ಇಬ್ಬರು ದೊರೆಗಳಲ್ಲಿ ಗೊನಾಟಸ್‌ನದೋ ಡೋಸನ್‌ನದೋ ಎಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಡೋಸನ್ ತೀರಿಕೊಂಡದ್ದು ಕ್ರಿ.ಪೂ. 221ರಲ್ಲಿ, ಬಿಯೋಷಿಯಾದ ಮರುಟಂಕವನ್ನು ಸಾಮಾನ್ಯವಾಗಿ ಕ್ರಿ.ಪೂ. 3ನೇ ಶತಮಾನದ ಕೊನೆಯ ದಶಕಗಳಿಗೆ ಸೇರಿಸುತ್ತಾರೆ ಎಂಬುದು ನನ್ನ ಕೆಲಸಕ್ಕೆ ಸಾಕಾಗಿತ್ತು.

ನಮ್ಮವರಿಗೆ ಮರುಟಂಕ ಎಂದೊಡನೆ ನೆನಪಾಗುವುದು 1906ರಲ್ಲಿ ನಾಸಿಕದ ಬಳಿ ಸಿಕ್ಕ ಜೋಗಲ್‌ಥೆಂಬಿಯ ನಿಧಿ, ಅದರಲ್ಲಿ ಕ್ಷತ್ರಪ ನಹಪಾನನ ಬೆಳ್ಳಿಯ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ಗುರುತುಗಳನ್ನು ಒತ್ತಿದ ಒಂಬತ್ತು ಸಾವಿರಕ್ಕೂ ಮಿಕ್ಕಿದ ನಾಣ್ಯಗಳಿದ್ದವು. ಆದರೆ ಅಲ್ಲಿ ಅಡಿಯಲ್ಲಿ ಯಾರಿದ್ದಾರೆಂದು ಮೊದಲೇ ತಿಳಿದಿದೆ, ಬೆಳ್ಳಿಯೂ ಸ್ವಚ್ಛವಾಗಿದೆ. ಗ್ರೀಕ್ ಕಂಚಿನಲ್ಲಿ ಕಿಲುಬು, ಸವೆತ ಮತ್ತು ಎರಡು ಟಂಕಗಳು ಒಂದರ ಮೇಲೊಂದು ಕೂತಿರುತ್ತವೆ.

ಹಣ ಹೋದ ದಾರಿಗಳನ್ನು ಮೊದಲು ಹೇಳುತ್ತೇನೆ. ಜರ್ಮನಿಯಲ್ಲಿ ನಾನಿರುವ ಊರಿನ ಸುತ್ತಮುತ್ತ ನಡೆಯುವ ಹರಾಜುಗಳಲ್ಲಿ ಇಂಥ ವಿರೂಪ ನಾಣ್ಯಗಳು ಗೊಂಚಲಾಗಿ ಬರುತ್ತವೆ, ಒಂದಕ್ಕೆ 15ರಿಂದ 25 ಯೂರೋ ಬೀಳುತ್ತದೆ, ಅದರ ಮೇಲೆ ಐದನೇ ಒಂದು ಭಾಗದಷ್ಟು ಕಮಿಷನ್. ಅದು ಸಹಿಸಬಹುದಾದ ಖರ್ಚು. ಮೂರು ಆಯಾಮದ ಸ್ಕ್ಯಾನ್ ಮಾಡಿಕೊಡುವ ಒಂದು ಅಂಗಡಿಗೆ ತೆತ್ತ ಸುಮಾರು 300 ಯೂರೋ ಮಾತ್ರ ಪೂರ್ತಿ ನೀರಿನಲ್ಲಿ ಹೋಯಿತು, ಏಕೆಂದರೆ 18 ಮಿಲಿಮೀಟರ್ ಅಗಲದ ನಾಣ್ಯದಲ್ಲಿ ಕೂದಲೆಳೆಯಷ್ಟು ಉಬ್ಬಿದ ಗೆರೆ ಅವರ ಯಂತ್ರಕ್ಕೆ ಕಾಣಲೇ ಇಲ್ಲ. ಕಾಗದವಿಟ್ಟು ಪೆನ್ಸಿಲ್ ಉಜ್ಜುವ ಹಳೆಯ ಉಪಾಯ ಹೊಸ ಚಿತ್ರವನ್ನೇ ಇನ್ನಷ್ಟು ಗಟ್ಟಿಯಾಗಿ ತೋರಿಸಿತು. ಪಳೆಯುಳಿಕೆಗಳ ಛಾಯಾಗ್ರಾಹಕರು ಮಾಡುವಂತೆ ಅಮೋನಿಯಂ ಕ್ಲೋರೈಡಿನ ಬಿಳಿ ಹೊಗೆ ಹಿಡಿಸು ಎಂದು ಒಬ್ಬರು ಸಲಹೆ ಕೊಟ್ಟರು. ಕ್ಲೋರೈಡ್ ತಗುಲಿದ ಕಂಚು ಹಸಿರು ಪುಡಿಯಾಗಿ ಉದುರುವುದನ್ನು ಕಂಡವರು ಯಾರೂ ಆ ಕೆಲಸಕ್ಕೆ ಕೈಹಾಕುವುದಿಲ್ಲ. ಬಣ್ಣದ ತೊಂದರೆ ಕಳೆಯಲು ಪ್ಲಾಸ್ಟರ್ ಅಚ್ಚು ತೆಗೆಯುವುದೇ ಅಗ್ಗ, ಅದೇ ಉತ್ತಮ.

ಕೊನೆಗೆ ಫಲ ಕೊಟ್ಟದ್ದು ಈ ಕ್ರಮ. ಮರುಟಂಕಿತ ನಾಣ್ಯದ ಹೊಸ ಚಿತ್ರವನ್ನು ಯಾವ ಅಚ್ಚಿನಿಂದ ಒತ್ತಿದ್ದಾರೋ ಅದೇ ಅಚ್ಚಿನಿಂದ ಬಂದ, ಆದರೆ ಹೊಸ ಬಿಲ್ಲೆಯ ಮೇಲೆ ಅಥವಾ ಬೇರೆ ಕೋನದಲ್ಲಿ ಬಿದ್ದ ಇನ್ನೊಂದು ನಾಣ್ಯವನ್ನು, ಅಂದರೆ ಜೊತೆ ನಾಣ್ಯವನ್ನು, ಹುಡುಕಬೇಕು. ಇದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ, ಹಳೆಯ ಹರಾಜುಗಳ ಚಿತ್ರಗಳನ್ನು ರಾತ್ರಿಯೆಲ್ಲ ತಿರುವಬೇಕಾಗುತ್ತದೆ. ಸಿಕ್ಕ ಮೇಲೆ ಎರಡರ ಪ್ಲಾಸ್ಟರ್ ಅಚ್ಚುಗಳನ್ನೂ, ಅಥವಾ ಚಿತ್ರ ಮಾತ್ರ ದೊರೆತಿದ್ದರೆ ಚಿತ್ರವನ್ನೇ, ಒಂದೇ ಅಳತೆಗೆ ತರಬೇಕು. ನನ್ನ ಕೈಯಲ್ಲಿರುವ ನಾಣ್ಯಕ್ಕೆ ಕ್ಯಾಮೆರಾ ಕದಲಿಸದೆ, ಒಂದೇ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಸುತ್ತಲೂ ಸುಮಾರು 30 ಡಿಗ್ರಿಗೊಂದರಂತೆ ಚಿತ್ರ ತೆಗೆಯುತ್ತೇನೆ. ಡೆಮಿಟರಳ ಕೂದಲು, ತೆನೆ, ಮೂಗು ಎಲ್ಲವನ್ನೂ ಜೊತೆ ನಾಣ್ಯದ ಆಧಾರದಿಂದ ಮುಚ್ಚುತ್ತಾ ಹೋದರೆ, ಹೊಸ ಟಂಕಕ್ಕೆ ಸೇರದ ಗೆರೆಗಳು ಮಾತ್ರ ಉಳಿಯುತ್ತವೆ. ಆ ಹನ್ನೆರಡು ಚಿತ್ರಗಳನ್ನು ಹೇಗೆ ಬೆರೆಸುತ್ತೇನೆ, ಯಾವ ಎರಡು ದಿಕ್ಕುಗಳ ಬೆಳಕನ್ನು ಬಿಟ್ಟುಬಿಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆದರೂ ಆರಂಭದಲ್ಲಿ ಆಂಟಿಗೋನಸನ ನಾಣ್ಯದ ಅಥೀನಾಳ ರೇಖಾಚಿತ್ರ ಉಳಿದ ಗೆರೆಗಳ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಶಿರಸ್ತ್ರಾಣದ ತುರಾಯಿ ಹೊಂದಿದರೆ ಕತ್ತು ಜಾರುತ್ತಿತ್ತು. ಕಾರಣ ತಿಳಿದದ್ದು ಒಂದು ಅಡ್ಡ ಪ್ರಯೋಗದಿಂದ. ಪರಿಚಯದ ಲೇತ್ ಕೆಲಸಗಾರರೊಬ್ಬರಿಂದ ಉಕ್ಕಿನ ಎರಡು ಜೊತೆ ಅಚ್ಚುಗಳನ್ನು ಮಾಡಿಸಿ, ಒಂದರಲ್ಲಿ ವೃತ್ತಗಳನ್ನೂ ಇನ್ನೊಂದರಲ್ಲಿ ಅಡ್ಡಗೆರೆಗಳನ್ನೂ ಕೊರೆಸಿ, ಕಂಚಿನ ಬಿಲ್ಲೆಗಳ ಮೇಲೆ ಮೊದಲು ಅದನ್ನು, ಆಮೇಲೆ ಇದನ್ನು ಸುತ್ತಿಗೆಯಿಂದ ಒತ್ತಿದೆ. ಅಚ್ಚಿಗೆ ಸುಮಾರು 150 ಯೂರೋ, ನೆರೆಮನೆಯವರ ಸಿಟ್ಟು ಬೇರೆ. ಕೆಂಪಗೆ ಕಾಯಿಸಿ ಬಲವಾಗಿ ಒತ್ತಿದ ಬಿಲ್ಲೆಗಳಲ್ಲಿ ವೃತ್ತಗಳು ಬಹುಪಾಲು ಅಳಿಸಿಹೋದವು, ತಣ್ಣಗಿದ್ದಾಗ ಒಂದೇ ಪೆಟ್ಟು ಬಿದ್ದವುಗಳಲ್ಲಿ ಚೆನ್ನಾಗಿ ಉಳಿದವು. ಅಚ್ಚಿನ ಸಮತಟ್ಟು ಭಾಗ ತಾಗಿದ ಕಡೆ ಹಳೆಯದು ಚಪ್ಪಟೆಯಾಯಿತು, ಅಚ್ಚಿನ ಆಳವಾದ ಗುಳಿಯೊಳಗೆ ಲೋಹ ಪೂರ್ತಿ ತುಂಬದ ಕಡೆ ಉಳಿಯಿತು. ಡೆಮಿಟರಳ ಕೆನ್ನೆಯ ಮೇಲೆಯೇ ಅಥೀನಾಳ ತುರಾಯಿ ಮತ್ತೆ ಮತ್ತೆ ಕಾಣುವುದು ಇದರಿಂದಲೇ. ಮುಖ್ಯವಾಗಿ, ಎರಡನೇ ಪೆಟ್ಟಿಗೆ ಬಿಲ್ಲೆ ಹರಡುತ್ತದೆ, ಬಿಲ್ಲೆಯ ಜೊತೆಗೆ ಹಳೆಯ ಚಿತ್ರವೂ ಹಿಗ್ಗುತ್ತದೆ. ರೇಖಾಚಿತ್ರವನ್ನು ನೂರಕ್ಕೆ ಮೂರರಿಂದ ಆರರಷ್ಟು ಹಿಗ್ಗಿಸಿ ನೋಡಿದಾಗ ತುರಾಯಿ, ಕತ್ತು, ಗಲ್ಲ ಮೂರೂ ಒಟ್ಟಿಗೆ ಕೂತವು.

ಅನುಮಾನಿಸಿದವರಿಗೆ ನಾನು ಮೊದಲು ತೋರಿಸಿದ ನಾಣ್ಯದಲ್ಲಿ ಪೊಸೈಡನನ ತೊಡೆ ಮತ್ತು ತ್ರಿಶೂಲದ ನಡುವೆ ಪ್ಯಾನನ ಮೇಕೆಯ ಕಾಲು ತಲೆಕೆಳಗಾಗಿ ಇತ್ತು, ಅದರ ಪಕ್ಕದಲ್ಲಿ ಹಳೆಯ ನಾಣ್ಯದ ಬರಹದ ಬೀಟಾ ಅಕ್ಷರವೂ ಇತ್ತು. ಗೀರು ಎಂದರು, ಒಂದೇ ಅಚ್ಚಿನ ಜೋಡಿ ಪೆಟ್ಟು ಎಂದರು. ಅದಕ್ಕಾಗಿಯೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಮರುಟಂಕಿತವಲ್ಲ ಎಂದು ಖಚಿತವಾಗಿರುವ ನಾಣ್ಯವೊಂದನ್ನೂ ಇದೇ ಕ್ರಮಕ್ಕೆ ಒಳಪಡಿಸಿ, ಅದರಲ್ಲೂ ಅಥೀನಾ ಕಂಡರೆ ಆ ದಿನದ ಫಲಿತಾಂಶವನ್ನೆಲ್ಲ ಕೈಬಿಡುತ್ತೇನೆ. ಪರಸ್ಪರ ಸಂಬಂಧವಿಲ್ಲದ ಮೂರು ಗುರುತುಗಳಾದರೂ ಒಂದೇ ಕೋನದಲ್ಲಿ ಹೊಂದದಿದ್ದರೆ ಓದಿದೆನೆಂದು ಹೇಳುವುದಿಲ್ಲ. ಈ ಕಟ್ಟುಪಾಡು ಸಿಸಿಲಿಯ ನಾಣ್ಯಗಳಿಗೆ ಇನ್ನೂ ಅಗತ್ಯ. ಸಿರಾಕ್ಯೂಸಿನ ದೊಡ್ಡ ಕಂಚಿನ ಮೇಲೆ, ಅಂದರೆ ಎರಡು ಡಾಲ್ಫಿನ್‌ಗಳ ನಡುವೆ ಕಡಲನಕ್ಷತ್ರವಿರುವ 30 ಗ್ರಾಂ ಆಸುಪಾಸಿನ ಬಿಲ್ಲೆಯ ಮೇಲೆ, ಸಿಸಿಲಿಯದೇ ಕೆಂಟೊರಿಪೈ ನಗರ ತನ್ನ ಚಿರತೆಯನ್ನು ಒತ್ತಿತು. ಅಲ್ಲಿ ಹಳೆಯದು ಬರಿಗಣ್ಣಿಗೇ ಕಾಣುವಷ್ಟು ಸುಲಭ, ಆದರೆ ಮನಸ್ಸು ಒಪ್ಪಿದರೆ ಪ್ರತಿಯೊಂದು ಸವೆದ ವಕ್ರರೇಖೆಯೂ ಡಾಲ್ಫಿನ್ ಆಗಿಬಿಡುತ್ತದೆ. ಆ ನಕ್ಷತ್ರದ ನಾಣ್ಯಗಳು ಸಿರಾಕ್ಯೂಸಿನ ನಾಯಕ ಟಿಮೋಲಿಯನ್ನನ ಕಾಲದವೋ, ಅವನಿಗಿಂತ ಹಿಂದೆ ಅಲ್ಲಿ ಆಳಿದ ಮೊದಲನೇ ಡಯೊನಿಸಿಯಸ್ಸನವೋ ಎಂಬ ಚರ್ಚೆಯಲ್ಲಿ ಮರುಟಂಕಗಳ ಸಾಕ್ಷ್ಯಕ್ಕೆ ತೂಕವಿರುವುದರಿಂದ, ಬೇಕಾಬಿಟ್ಟಿ ಓದುವಂತಿಲ್ಲ.

ಹರಾಜಿನವರು ವಿವರಣೆಯಲ್ಲಿ ‘ಮರುಟಂಕಿತ’ ಎಂದು ಬರೆಯತೊಡಗಿದ ಮೇಲೆ ಬೆಲೆ ಏರಿದೆ. ಆದ್ದರಿಂದ ಕೇವಲ ‘ಅಸ್ಪಷ್ಟ’ ಎಂದು ಬರೆದ ಗೊಂಚಲುಗಳನ್ನೇ ನಾನು ಹಿಡಿಯುತ್ತೇನೆ. ಅಂಥವುಗಳಲ್ಲಿ ಏನನ್ನು ನೋಡಿ ಆರಿಸುತ್ತೇನೆ ಎಂಬುದು ಈ ಬರಹದಲ್ಲಿ ಬಿಟ್ಟ ಎರಡನೇ ಗುಟ್ಟು. ಕೊಂಡೊಡನೆ ತೂಗಿರಿ. ಮರುಟಂಕಿಸಿದ್ದರಿಂದ ನಾಣ್ಯದ ತೂಕ ಹೆಚ್ಚುವುದಿಲ್ಲವಾದ್ದರಿಂದ, ಹಳೆಯ ನಾಣ್ಯವಾಗಿರಬಹುದಾದ ಅರ್ಧ ಹೆಸರುಗಳು ತಕ್ಕಡಿಯಲ್ಲೇ ಬಿದ್ದುಹೋಗುತ್ತವೆ. ಸದ್ಯ ನನ್ನ ಮೇಜಿನ ಮೇಲಿರುವ ಒಂದು ಡೆಮಿಟರ್, ಆಂಟಿಗೋನಸನ ಪ್ಯಾನ್ ನಾಣ್ಯಗಳಲ್ಲಿ ನಾನು ತೂಗಿದ ಅತಿ ಭಾರದ್ದಕ್ಕಿಂತ ಒಂದೂವರೆ ಗ್ರಾಂ ಹೆಚ್ಚು ತೂಗುತ್ತದೆ, ಅದರ ಕೆನ್ನೆಯ ಮೇಲಿನ ಗೆರೆಯೂ ತುರಾಯಿಗಿಂತ ದಪ್ಪ. ಅದರ ಅಡಿಯಲ್ಲಿ ಬೇರೆ ಹಳೆಯ ನಾಣ್ಯವನ್ನು ಹುಡುಕಬೇಕು.