24 ಪಿನ್ ಕೇಬಲ್‌ಗೆ ನೀವೇ ಸ್ಲೀವ್ ತೊಡಿಸಿ

ಕಂಪ್ಯೂಟರಿನ ಪವರ್ ಸಪ್ಲೈಯಿಂದ ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ ಕೇಬಲ್‌ನ ಒಂದೊಂದೇ ತಂತಿಗೆ ಸ್ಲೀವ್ (ಹೆಣೆದ ಹೊರಕವಚ) ತೊಡಿಸುವುದು ಸಲೀಸು. ಎಡವಟ್ಟಾಗುವುದು ಟರ್ಮಿನಲ್ (ತಂತಿ ತುದಿಯ ಲೋಹದ ಪಿನ್) ಕಳಚಿ ಮತ್ತೆ ಕೂರಿಸುವಾಗ. ಕೇಬಲ್‌ನ ಎರಡೂ ತುದಿ ಬಿಚ್ಚಿಬರುವ ಫುಲ್ ಮಾಡ್ಯುಲರ್ ಪವರ್ ಸಪ್ಲೈ ಇದ್ದರಷ್ಟೇ ಕೈಹಾಕಿ. ತಂತಿಗಳು ಪೆಟ್ಟಿಗೆಯೊಳಗಿಂದಲೇ ಹೊರಟಿದ್ದರೆ ಅದನ್ನು ತೆರೆಯಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಅಂಥವರಿಗೆ ಎಕ್ಸ್‌ಟೆನ್ಶನ್ ಕೇಬಲ್ಲೇ ಸರಿ.

ಕೇಬಲ್ 60 ಸೆಂ.ಮೀ. ಉದ್ದವಿದ್ದರೆ, ಖಾಲಿ ಇರುವ 20ನೇ ಪಿನ್ ಬಿಟ್ಟು 23ಕ್ಕೆ ಸುಮಾರು 14 ಮೀಟರ್ ಸ್ಲೀವ್ ಬೇಕು; 16 ತನ್ನಿ. 4 ಮಿ.ಮೀ. ಪಿಇಟಿ (ಪ್ಲಾಸ್ಟಿಕ್) ಜಾಲರಿ ಗಟ್ಟಿ, ಆದರೆ ಬಾಗಿದಲ್ಲಿ ಒಳಗಿನ ಹಳದಿ, ಕೆಂಪು ಇಣುಕುತ್ತವೆ. ಒಳ ಎಳೆ ಎಳೆದು ತೆಗೆದ 550 ಪ್ಯಾರಾಕಾರ್ಡ್ (ಪ್ಯಾರಾಶೂಟ್ ಹಗ್ಗ) ತಂತಿಯ ಬಣ್ಣವನ್ನು ಪೂರ್ತಿ ಮುಚ್ಚುತ್ತದೆ; ಮೊದಲ ಸಲಕ್ಕೆ ಅದೇ ವಾಸಿ. ಜೊತೆಗೆ 6 ಮಿ.ಮೀ.ನ 3:1 ಹೀಟ್‌ಶ್ರಿಂಕ್ (ಬಿಸಿಗೆ ಮೂರನೇ ಒಂದಕ್ಕೆ ಕುಗ್ಗುವ ಕೊಳವೆ) 1 ಮೀಟರ್, ಪಿನ್ ಎಕ್ಸ್‌ಟ್ರಾಕ್ಟರ್ (ಟರ್ಮಿನಲ್ ಕಳಚುವ ಸಾಧನ), ಲೈಟರ್, ಮಲ್ಟಿಮೀಟರ್.

ಎರಡೂ ತುದಿಯ ಫೋಟೊ ತೆಗೆಯಿರಿ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು ಮಲ್ಟಿಮೀಟರ್ ಬೀಪ್ ಕೇಳಿ ಬರೆದುಕೊಳ್ಳಿ. ಸಪ್ಲೈ ಕಡೆಯ ಜೋಡಣೆ ಕಂಪನಿಗೊಂದು ಥರ. 13ನೇ ಪಿನ್‌ನಲ್ಲಿ ಸಾಮಾನ್ಯವಾಗಿ 3.3 ವೋಲ್ಟ್ ತಂತಿಯ ಜೊತೆ ಸಪೂರ ಸೆನ್ಸ್ ತಂತಿಯೂ (ವೋಲ್ಟೇಜ್ ಎಷ್ಟಿದೆ ಎಂದು ಸಪ್ಲೈಗೆ ತಿಳಿಸುವಂಥದ್ದು) ಇರುತ್ತದೆ. ಹೆಚ್ಚುವರಿ ಎಂದು ಕತ್ತರಿಸಬೇಡಿ.

ಒಂದು ಸಲಕ್ಕೆ ಒಂದೇ ತಂತಿ. ತಂತಿಯನ್ನು ಮೊದಲು ಕನೆಕ್ಟರ್‌ನೊಳಕ್ಕೆ ಒತ್ತಿ, ಆಮೇಲೆ ಎಕ್ಸ್‌ಟ್ರಾಕ್ಟರ್ ತೂರಿಸಿ ಎಳೆಯಿರಿ. ಒತ್ತದೆ ಎಳೆದರೆ ಟರ್ಮಿನಲ್‌ನ ಎರಡು ರೆಕ್ಕೆಗಳು ಪ್ಲಾಸ್ಟಿಕ್‌ಗೆ ಕಚ್ಚಿಕೊಳ್ಳುತ್ತವೆ. ಟರ್ಮಿನಲ್‌ಗೆ ಟೇಪ್ ಸುತ್ತಿ ಸ್ಲೀವ್ ನುಗ್ಗಿಸಿ, ಇಲ್ಲವಾದರೆ ನೂಲು ಸಿಕ್ಕಿಕೊಳ್ಳುತ್ತದೆ. ತುದಿಯನ್ನು ಲೈಟರ್‌ನಿಂದ ಸ್ವಲ್ಪವೇ ಕರಗಿಸಿ, 1.5 ಸೆಂ.ಮೀ. ಹೀಟ್‌ಶ್ರಿಂಕ್ ಹಾಕಿ ಬಿಸಿ ಮಾಡಿ. ಹೀಟ್‌ಶ್ರಿಂಕ್ ಟರ್ಮಿನಲ್ ಮೇಲೆ ಹತ್ತಿದರೆ ಅದು ಕನೆಕ್ಟರ್‌ನೊಳಗೆ ಹೋಗುವುದಿಲ್ಲ. ಚಪ್ಪಟೆಯಾದ ರೆಕ್ಕೆಗಳನ್ನು ಬ್ಲೇಡ್‌ನಿಂದ ಎತ್ತಿ, ಟಿಕ್ ಎನ್ನುವವರೆಗೆ ತಳ್ಳಿ, ಎಳೆದು ನೋಡಿ. ಈ ಎತ್ತುವ ಕೆಲಸ ಮರೆತರೆ ಮದರ್‌ಬೋರ್ಡ್‌ಗೆ ಚುಚ್ಚುವಾಗ ಪಿನ್ ಹಿಂದಕ್ಕೆ ಜಾರುತ್ತದೆ.

ಮದರ್‌ಬೋರ್ಡ್‌ಗೆ ಹಾಕುವ ಮೊದಲು ಬರೆದುಕೊಂಡ ಪಟ್ಟಿಯಂತೆ ಬೀಪ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಕೇಬಲ್ ಅನ್ನು ಸಪ್ಲೈಗೆ ಮಾತ್ರ ಸಿಕ್ಕಿಸಿ, ಸ್ವಿಚ್ ಆಫ್ ಇರುವಾಗಲೇ 16ನೇ ಪಿನ್ ಮತ್ತು 17ನೇ ಪಿನ್ ನಡುವೆ ತಂತಿ ಕೊಂಡಿ ಹಾಕಿ, ಆಮೇಲೆ ಆನ್ ಮಾಡಿ. 10 ಮತ್ತು 11ರಲ್ಲಿ 11.40–12.60, 4ರಲ್ಲಿ 4.75–5.25, 1ರಲ್ಲಿ 3.14–3.47 ವೋಲ್ಟ್ ಬರಬೇಕು.

8 ಪಿನ್ ಕೇಬಲ್‌ಗಳಲ್ಲಿ ಕಣ್ಣಂದಾಜು ಬೇಡ. ಸಿಪಿಯು ಕನೆಕ್ಟರ್‌ನಲ್ಲಿ ಕ್ಲಿಪ್ ಇರುವ ಸಾಲು 12 ವೋಲ್ಟ್, ಗ್ರಾಫಿಕ್ಸ್ ಕಾರ್ಡಿನದರಲ್ಲಿ ಅದೇ ಸಾಲು ಗ್ರೌಂಡ್.