ರಾತ್ರಿ ಮೂತ್ರದ ಲೆಕ್ಕ ಬರೆದಿಡುವುದು ಹೇಗೆ?

ಐವತ್ತು ದಾಟಿದ ಗಂಡಸರು ರಾತ್ರಿ ಮೂರು ಬಾರಿ ಏಳತೊಡಗಿದರೆ, ‘ಪ್ರಾಸ್ಟೇಟ್ ಇರಬೇಕು, ವಯಸ್ಸಾಯಿತಲ್ಲ’ ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಮೂತ್ರಕೋಶದ ಕೆಳಗೆ, ಮೂತ್ರ ಹೊರಬರುವ ನಾಳವನ್ನು ಸುತ್ತುವರಿದಿರುವ ಈ ಗ್ರಂಥಿ ಯೌವನದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ ಮತ್ತು ವಯಸ್ಸಾದಂತೆ ಬೆಳೆಯುತ್ತದೆ ಎಂಬುದು ನಿಜ. ಆದರೆ ಹೊಟ್ಟೆಯ ಬೊಜ್ಜು ಮತ್ತು ಏರಿದ ಸಕ್ಕರೆ ಇರುವವರಲ್ಲಿ ಅದು ಇನ್ನಷ್ಟು ದೊಡ್ಡದಾಗಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಇನ್ಸುಲಿನ್ ಮಟ್ಟ ಏರಿ, ಅದು ಗ್ರಂಥಿಯ ಜೀವಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ನೀಡುತ್ತದೆ ಮತ್ತು ಅಲ್ಲಿನ ಸ್ನಾಯುಗಳು ಬಿಗಿಯಾಗಲು ಕಾರಣವಾಗುತ್ತದೆ ಎಂಬುದು ಇದಕ್ಕೆ ಕೊಡಲಾಗುವ ಮುಖ್ಯ ವಿವರಣೆ. ಆದ್ದರಿಂದ ವೈದ್ಯರ ಬಳಿಗೆ ಹೋಗುವ ಮೊದಲು ಹೊಟ್ಟೆಯನ್ನೂ ಮೂತ್ರವನ್ನೂ ಅಳೆದುಕೊಂಡು ಹೋಗಬೇಕು.

ಮೊದಲು ಟೇಪು. ಸೊಂಟದ ಅಳತೆ ಕೇಳಿದರೆ ಬಹುತೇಕರು ಪ್ಯಾಂಟಿನ ಸೈಜು ಹೇಳುತ್ತಾರೆ. ಹೊಟ್ಟೆಯ ಕೆಳಗೆ ಜಾರಿ ನಿಂತ ಪ್ಯಾಂಟು ಹೊಟ್ಟೆಯ ಅಳತೆಯನ್ನು ಎಂದೂ ಹೇಳದು. ಅಂಗಿ ತೆಗೆದು ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್ ಗಡಿ.

ಎರಡನೆಯದು, ಮೂರು ದಿನಗಳ ಮೂತ್ರದ ಲೆಕ್ಕ. ಜನ ಹೆಚ್ಚು ಎಡವುವುದು ಇಲ್ಲಿಯೇ. ಮಿಲಿಲೀಟರ್ ಗೆರೆಗಳಿರುವ ಪ್ಲಾಸ್ಟಿಕ್ ಜಗ್ಗೊಂದನ್ನು ಇದಕ್ಕೆಂದೇ ಶೌಚಾಲಯದಲ್ಲಿಡಿ. ‘ಅರ್ಧ ಲೋಟ ಇರಬಹುದು’ ಎಂಬ ಅಂದಾಜು ಉಪಯೋಗಕ್ಕೆ ಬಾರದು. ಪ್ರತಿ ಬಾರಿಯೂ ಗಂಟೆ ಮತ್ತು ಪ್ರಮಾಣವನ್ನು ಆಗಲೇ ಬರೆಯಬೇಕು. ಕುಡಿದ ನೀರು, ಕಾಫಿ, ಮಜ್ಜಿಗೆ ಹಾಗೂ ಮಲಗಿದ, ಎದ್ದ ಸಮಯವನ್ನೂ ನಮೂದಿಸಬೇಕು. ಲೆಕ್ಕ ಚೆನ್ನಾಗಿ ಕಾಣಲೆಂದು ಆ ಮೂರು ದಿನ ನೀರು ಕಡಿಮೆ ಮಾಡುವವರಿದ್ದಾರೆ, ಹಾಗೆ ಮಾಡಿದರೆ ಶ್ರಮವೆಲ್ಲ ವ್ಯರ್ಥ.

ಮಲಗುವ ಮುನ್ನ ಮಾಡಿದ ಮೂತ್ರ ಹಗಲಿನ ಲೆಕ್ಕಕ್ಕೆ ಸೇರುತ್ತದೆ. ಬೆಳಿಗ್ಗೆ ಎದ್ದೊಡನೆ ಮಾಡಿದ್ದು ರಾತ್ರಿಯದು, ಏಕೆಂದರೆ ಅದು ನಿದ್ದೆಯಲ್ಲಿ ಸಂಗ್ರಹವಾದದ್ದು. ಇದನ್ನು ಹಗಲಿಗೆ ಸೇರಿಸಿದರೆ ಲೆಕ್ಕವೇ ತಲೆಕೆಳಗಾಗುತ್ತದೆ. ಒಬ್ಬರು ರಾತ್ರಿ ಎರಡು ಬಾರಿ ಎದ್ದು 300 ಮತ್ತು 250, ಬೆಳಿಗ್ಗೆ 350 ಮಿಲಿಲೀಟರ್ ಬರೆದರು, ದಿನದ ಒಟ್ಟು 1,800 ಎನ್ನೋಣ. ರಾತ್ರಿಯ ಪಾಲು 900, ಅಂದರೆ ಸರಿಯಾಗಿ ಅರ್ಧ. ವಯಸ್ಸಾದವರಲ್ಲಿ ಈ ಪಾಲು ಮೂರನೇ ಒಂದನ್ನು ದಾಟಿದರೆ ರಾತ್ರಿ ಮೂತ್ರದ ಉತ್ಪತ್ತಿಯೇ ಹೆಚ್ಚಿದೆ ಎಂದರ್ಥ. ಕಾಲಿನ ಊತ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ದೆ ಮುಂತಾದ ಕಾರಣಗಳನ್ನು ಆಗ ಹುಡುಕಬೇಕಾಗುತ್ತದೆ. ದಿನದ ಒಟ್ಟು ಮೂರು ಲೀಟರ್ ದಾಟಿದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನು ಮುಂದೂಡಬಾರದು. ಇದಕ್ಕೆ ಬದಲಾಗಿ, ಹಗಲೂ ರಾತ್ರಿಯೂ ನೂರು ನೂರರಂತೆ ಹಲವು ಬಾರಿ ಬಂದು, ಧಾರೆ ಸಣ್ಣದಾಗಿದ್ದರೆ ಪ್ರಾಸ್ಟೇಟ್ ಮೇಲಿನ ಸಂಶಯ ಬಲವಾಗುತ್ತದೆ.

ಜಾಹೀರಾತಿನ ‘ಪ್ರಾಸ್ಟೇಟ್ ಕ್ಯಾಪ್ಸೂಲ್’ಗಳಿಗೆ ಹಣ ಸುರಿಯಬೇಡಿ. ಅವುಗಳಲ್ಲಿ ಸಾಮಾನ್ಯವಾಗಿರುವ ಸಾ ಪಾಲ್ಮೆಟೊ ಎಂಬ ಗಿಡದ ಹಣ್ಣಿನ ಸಾರವು ಎಚ್ಚರಿಕೆಯಿಂದ ನಡೆಸಿದ ದೊಡ್ಡ ಪ್ರಯೋಗಗಳಲ್ಲಿ ಹುಸಿ ಮಾತ್ರೆಗಿಂತ ಹೆಚ್ಚಿನ ಫಲ ಕೊಟ್ಟಿಲ್ಲ. ನೆಗಡಿಗೆಂದು ಅಂಗಡಿಯಿಂದ ನೇರವಾಗಿ ತರುವ ಮಾತ್ರೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅವುಗಳಲ್ಲಿರುವ ಫಿನೈಲೆಫ್ರಿನ್ ನಾಳದ ಸುತ್ತಲಿನ ಸ್ನಾಯುವನ್ನು ಬಿಗಿಗೊಳಿಸಬಲ್ಲದು, ಕ್ಲೋರ್‌ಫೆನಿರಮಿನ್ ಮೂತ್ರಕೋಶದ ಹಿಂಡುವ ಶಕ್ತಿಯನ್ನು ಕುಗ್ಗಿಸಬಲ್ಲದು. ಮೊದಲೇ ಗ್ರಂಥಿ ದೊಡ್ಡದಾಗಿರುವವರಿಗೆ ಮೂತ್ರ ಪೂರ್ತಿ ಕಟ್ಟಿಹೋಗಲು ಅಷ್ಟು ಸಾಕು.

ಉಳಿದದ್ದು ಸುಲಭ: ಬರೆದ ಪುಸ್ತಕದೊಂದಿಗೆ ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಯ ವರದಿಗಳನ್ನು ವೈದ್ಯರ ಮುಂದಿಡಿ. ಮೂತ್ರದಲ್ಲಿ ರಕ್ತ ಕಂಡರೆ, ಚಳಿ ಜ್ವರ ಬಂದರೆ ಅಥವಾ ಮೂತ್ರ ಕಟ್ಟಿ ಕಿಬ್ಬೊಟ್ಟೆ ಉಬ್ಬಿದರೆ ಮಾತ್ರ ಮೂರು ದಿನದ ಲೆಕ್ಕ ಮುಗಿಯಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.