ಬಯಲು ಸಿನಿಮಾಕ್ಕೆ ಏಳೂವರೆ ಅಡಿ ಪರದೆ ಸಾಕು: ನನ್ನ ಅನುಭವ

ಬೆಂಗಳೂರಿನ ಬೀದಿದೀಪಗಳ ನಡುವೆ ಹಳೇ ಪ್ರೊಜೆಕ್ಟರ್ ನಡೆಯಲ್ಲ, ಎಲ್‌ಇಡಿ ವಾಲ್ ಬಾಡಿಗೆಗೆ ತರದಿದ್ದರೆ ಜನ ಅರ್ಧಕ್ಕೇ ಎದ್ದು ಹೋಗ್ತಾರೆ ಅಂತ ಈ ಕೆಲಸ ಬಲ್ಲವರೇ ಹೇಳುತ್ತಿದ್ದರು. ಆದರೆ ಹಳೇ ಪ್ರೊಜೆಕ್ಟರಿನಲ್ಲೇ ಮೂರು ಬೇಸಿಗೆಯಲ್ಲಿ ನನ್ನ ಹದಿನಾಲ್ಕೋ ಹದಿನೈದೋ ಬಯಲು ಪ್ರದರ್ಶನ ಆಗಿದೆ. ಪ್ರತಿ ಸಲ ಅರವತ್ತು ಎಪ್ಪತ್ತು ಜನ, ಟಿಕೆಟ್ಟಿಲ್ಲ. ಕೊನೆಯ ಎಂಟರಲ್ಲಿ ಒಂದೂ ನಡುವೆ ನಿಂತಿಲ್ಲ. ಲೇಔಟಿನಲ್ಲೋ ಅಪಾರ್ಟ್‌ಮೆಂಟಿನಲ್ಲೋ ಇದನ್ನು ಈಗಾಗಲೇ ಮಾಡಿ ನೋಡಿ ಕೈಬಿಟ್ಟವರಿಗಾಗಿ ಬರೆಯುತ್ತಿದ್ದೇನೆ.

ಎಲ್ಲರೂ ಸೋಲುವುದು ಪರದೆಯ ಅಳತೆಯಲ್ಲಿ. ನಾನೂ ಮೊದಲು ಹನ್ನೆರಡು ಅಡಿ ಅಗಲಕ್ಕೇ ಹೋದೆ. 3000 ಲ್ಯೂಮೆನ್ಸ್ (ಬೆಳಕಿನ ಅಳತೆ) ಅಂತ ಬರೆದಿರುವ ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ಲ್ಯಾಂಪ್ ಹಳತಾದ ಮೇಲೆ ಅರ್ಧ ಕೊಟ್ಟರೆ ದೊಡ್ಡದು. ಆ 1500 ಲ್ಯೂಮೆನ್ಸನ್ನು 81 ಚದರಡಿಗೆ ಹರಡಿದರೆ ಚದರಡಿಗೆ 18 ಬಿತ್ತು. ಅದೇ ಬೆಳಕನ್ನು 31 ಚದರಡಿಗೆ ಇಳಿಸಿದರೆ 48. ಹೊಸ ಪ್ರೊಜೆಕ್ಟರಿಗೆ ನಲವತ್ತು ಸಾವಿರ ಸುರಿಯುವ ಬದಲು ಪರದೆ ಕತ್ತರಿಸಿದರೆ ಸಾಕಿತ್ತು.

31 ಚದರಡಿ ಎಲ್ಲಿಂದ ಬಂತು ಅಂದರೆ ಬಟ್ಟೆಯ ಪನ್ನದಿಂದ, ಅಂದರೆ ಥಾನಿನ ಅಗಲದಿಂದ. ಚಿಕ್ಕಪೇಟೆಯಲ್ಲಿ ಕರ್ಟನ್ನಿನ ಒಳಗೆ ಕೊಡುವ ಬ್ಲ್ಯಾಕೌಟ್ ಲೈನಿಂಗ್ ಬಟ್ಟೆ 54 ಇಂಚು ಪನ್ನದಲ್ಲಿ ಸಿಗುತ್ತದೆ. ಸುತ್ತ ಎರಡೆರಡು ಇಂಚು ಅಂಚು ಮಡಚಿ ಕಪ್ಪು ಪಟ್ಟಿ ಹೊಲಿಸಿದರೆ ಎತ್ತರ 50 ಇಂಚು ಉಳಿಯುತ್ತದೆ, ಚಿತ್ರದ ಅಗಲ-ಎತ್ತರದ 16:9 ಅನುಪಾತಕ್ಕೆ ಅಗಲ 89 ಇಂಚು. ನಡುವೆ ಒಂದೂ ಜೋಡಣೆ ಇಲ್ಲ. ಎರಡು ಪನ್ನ ಸೇರಿಸಿ ಹೊಲಿದ ಪರದೆಯಲ್ಲಿ ಆ ಹೊಲಿಗೆ ಎಲ್ಲರ ಮುಖದ ಮೇಲೂ ಗೆರೆಯಾಗಿ ಓಡುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗಲ್ಲ. ಎರಡೂವರೆ ಮೀಟರ್ ಬಟ್ಟೆ ಮತ್ತು ಹೊಲಿಗೆ ಸೇರಿ ಏಳುನೂರರ ಆಸುಪಾಸು. ಕೆಳಗಿನ ಅಂಚಿನೊಳಗೆ ನಾನು ಏನು ಸೇರಿಸಿ ಹೊಲಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳದೆ ಬಿಡುತ್ತೇನೆ. ಸುಕ್ಕಿಲ್ಲದೆ ನಿಲ್ಲುವುದಕ್ಕೆ ಅದೇ ಕಾರಣ.

ಬೆಡ್‌ಶೀಟು ಬೇಡ. ಹಿಂದಿನ ಬೀದಿದೀಪ ಅದರ ಮೂಲಕ ಸೋರಿ ಕಪ್ಪೆಲ್ಲ ಬೂದಿಬಣ್ಣವಾಗುತ್ತದೆ. ಬ್ಲ್ಯಾಕೌಟ್ ಬಟ್ಟೆ ತಡೆಯುತ್ತದೆ, ಆದರೆ ಪರದೆಯ ಬೆನ್ನು ದೀಪದ ಕಡೆಗೇ ಇರಬೇಕು. ಕಾರ್ಯಕ್ರಮದ ಹಿಂದಿನ ರಾತ್ರಿ ಜಾಗಕ್ಕೆ ಹೋಗಿ ಬಿಳಿ ಕಾಗದ ಹಿಡಿದು ನಿಧಾನಕ್ಕೆ ತಿರುಗಿ, ನಿಮಗೆ ಕಾಣುವ ಕಾಗದದ ಮುಖ ಎಲ್ಲಿ ತೀರಾ ಮಂಕಾಗುತ್ತದೋ, ಆಗ ಆ ಮುಖ ಇರುವ ಕಡೆಗೇ ಪರದೆಯ ಮುಖ. ಯಾರದ್ದೋ ಗೇಟಿನ ದೀಪ ಎದುರಿಗಿದ್ದರೆ ಎರಡು ಗಂಟೆ ಆರಿಸಲು ಮೊದಲೇ ಕೇಳಿಕೊಳ್ಳಿ. ಪಾಲಿಕೆಯ ಪಾರ್ಕುಗಳಲ್ಲಿ ಪ್ರಯತ್ನವೇ ಬೇಡ. ಡೆಡ್ ಎಂಡ್ ರಸ್ತೆ, ದೇವಸ್ಥಾನದ ಅಂಗಳ, ಯಜಮಾನರು ಒಪ್ಪಿದ ಖಾಲಿ ಸೈಟು, ಈ ಮೂರರಲ್ಲಿ ಅಂಗಳವೇ ಮೇಲು. ಮೂರು ಕಡೆ ಗೋಡೆ ಇರುತ್ತದೆ, ಗಾಳಿ ಕಡಿಮೆ.

ಗಾಳಿಯದೇ ದೊಡ್ಡ ಪಾಠ. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಮಧ್ಯಾಹ್ನ ಕಾದ ಊರಿಗೆ ಸಂಜೆ ಗುಡುಗಿನ ಮುಂಚೆ ಒಂದು ಬೀಸುಗಾಳಿ ಬರುತ್ತದೆ. ಗಂಟೆಗೆ 30 ಕಿ.ಮೀ. ಗಾಳಿ ಈ ಬಟ್ಟೆಯನ್ನು ಸುಮಾರು 15 ಕೆ.ಜಿ. ಬಲದಲ್ಲಿ ತಳ್ಳುತ್ತದೆ, ಹನ್ನೆರಡಡಿಯದನ್ನು 38ರಷ್ಟು. ಒಂದೂವರೆ ಇಂಚಿನ ಪಿವಿಸಿ ಪೈಪಿನ ಚೌಕಟ್ಟು ನಡುವೆ ಬಿಲ್ಲಿನಂತೆ ಬಾಗಿ ಮೂಲೆಯ ಎಲ್ಬೋ ಕಿತ್ತುಕೊಂಡಿತು, ಎರಡು ಸಾವಿರ ನೀರುಪಾಲು. ಈಗ ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಪಾದಗಳು ಹಿಂದಕ್ಕೂ ಮುಂದಕ್ಕೂ ಮೂರು ಮೂರು ಅಡಿ. ಪ್ರತಿ ಪಾದದ ತುದಿಗೆ 20 ಲೀಟರಿನ ನೀರಿನ ಕ್ಯಾನ್ ಎರಡೆರಡು, ಒಟ್ಟು ಎಂಟು. ಬಟ್ಟೆಯನ್ನು ಚೌಕಟ್ಟಿಗೆ ಹಗ್ಗದಿಂದ ಬಿಗಿಯಬೇಡಿ. ಹಳೇ ಸೈಕಲ್ ಟ್ಯೂಬನ್ನು ಅರ್ಧ ಇಂಚಿನ ಪಟ್ಟಿಗಳಾಗಿ ಕತ್ತರಿಸಿ ಒಂದೊಂದಡಿಗೆ ಒಂದು ಹಾಕಿ. ಗಾಳಿ ಬಂದಾಗ ಹಿಗ್ಗುತ್ತದೆ, ಬಟ್ಟೆಯ ಅಂಚಿನ ಐಲೆಟ್ (ಕಟ್ಟುವ ತೂತು) ಹರಿಯಲ್ಲ. ಕ್ಯಾನಿನ ನೀರು ಕುಡಿಯುವುದಕ್ಕೂ ಆಗುತ್ತದೆ, ಆದರೆ ಪ್ರದರ್ಶನ ಮುಗಿದ ಮೇಲೆ. ಒಮ್ಮೆ ನಡುವೆಯೇ ಎರಡು ಕ್ಯಾನ್ ಎತ್ತಿಕೊಂಡು ಹೋಗಿದ್ದರಿಂದ ಚೌಕಟ್ಟು ವಾಲಿತು.

ಪ್ರೊಜೆಕ್ಟರ್ ಪರದೆಯಿಂದ ಸುಮಾರು 11 ಅಡಿ ದೂರ. ಪರದೆಯ ಕೆಳ ಅಂಚು ನೆಲದಿಂದ 4 ಅಡಿ, ಲೆನ್ಸೂ ಅದೇ 4 ಅಡಿ. ಬಹುತೇಕ ಪ್ರೊಜೆಕ್ಟರುಗಳು ಚಿತ್ರವನ್ನು ಲೆನ್ಸಿನಿಂದ ಮೇಲಕ್ಕೇ ಎಸೆಯುವುದರಿಂದ ಓರೆಯಾದ ಚಿತ್ರವನ್ನು ಚೌಕ ಮಾಡುವ ಕೀಸ್ಟೋನ್ ಮುಟ್ಟುವ ಅಗತ್ಯವೇ ಬರಲ್ಲ. ಮುಂದಿನ ಜಮಖಾನೆಯಲ್ಲಿ ಕೂತ ಮಕ್ಕಳ ತಲೆಯ ಮೇಲಿನಿಂದ ಬೆಳಕು ಹಾಯುತ್ತದೆ, ಎದ್ದು ನಿಂತರೆ ಮಾತ್ರ ನೆರಳು. ಕುರ್ಚಿಗಳೆಲ್ಲ ಪ್ರೊಜೆಕ್ಟರ್ ಇಟ್ಟ ಮೇಜಿನ ಹಿಂದೆ, ನಡುವೆ ಎರಡಡಿ ಖಾಲಿ.

ಧ್ವನಿಗೆ ದೊಡ್ಡ ಡಬ್ಬ ಮುಂದಿಟ್ಟು ಕೂಗಿಸುವುದು ಹಳೇ ತಪ್ಪು. ಮುಂದಿನವರ ಕಿವಿ ಒಡೆಯುತ್ತದೆ, ಹಿಂದಿನವರಿಗೆ ಮಾತು ಕೇಳಲ್ಲ. ಎರಡು ಸಣ್ಣ ಸ್ಪೀಕರುಗಳನ್ನು ಜನರ ಅರ್ಧದಷ್ಟು ಹಿಂದೆ, ಎರಡೂ ಬದಿಗೆ, ಕೂತವರ ಕಿವಿಯ ಎತ್ತರಕ್ಕೆ ಒಳಮುಖವಾಗಿ ಇಡಿ. ಪಕ್ಕದ ಮನೆಗೆ ಹೋಗುವ ಸದ್ದೂ ಇಳಿಯುತ್ತದೆ. 2000ದ ಶಬ್ದ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ 10ರವರೆಗೆ 55 ಡೆಸಿಬಲ್, ಆಮೇಲೆ 45. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಠಾಣೆಯಲ್ಲಿ ವಾರ ಮೊದಲೇ ಅರ್ಜಿ ಕೊಡಿ. ಬ್ಲೂಟೂತ್ ಮಾತ್ರ ಬೇಡ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ವೈರೇ ಎಳೆಯಿರಿ.

ವಿದ್ಯುತ್ ಒಟ್ಟು 300 ವ್ಯಾಟಿನ ಸುತ್ತ. 150 ಆಂಪಿಯರ್-ಅವರಿನ ಮನೆ ಇನ್ವರ್ಟರ್ ಬ್ಯಾಟರಿ ಮೂರು ಗಂಟೆ ಎಳೆಯುತ್ತದೆ. ಗುಡುಗಿದ ಸಂಜೆ ಕರೆಂಟ್ ಹೋಗುವುದನ್ನು ನಂಬಿಕೊಂಡೇ ಹೊರಡಿ. ಮೊದಲ ಸಲ ಜನರೇಟರ್ ಬಾಡಿಗೆ, ಡೀಸೆಲ್, ಆಳು ಅಂತ ಐದು ಸಾವಿರ ಹೋಯಿತು, ಅದರ ಸದ್ದಿಗೆ ಸಿನಿಮಾ ಯಾರಿಗೂ ಕೇಳಿಸಲಿಲ್ಲ. ವೈರು ಮೂರು ಕೋರಿನದು, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್ಚು) ಕಡ್ಡಾಯ, ಜೋಡಣೆಗಳು ನೆಲದ ಮೇಲೆ ಬೀಳದಂತೆ ಇಟ್ಟಿಗೆಯ ಮೇಲೆ.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನ ಪ್ರೊಜೆಕ್ಟರ್ ಹದಿಮೂರು ಸಾವಿರ, ಸ್ಪೀಕರ್ ಆರು, ಪೈಪು ವೈರು ಇತ್ಯಾದಿ ನಾಲ್ಕು ಚಿಲ್ಲರೆ. ಒಟ್ಟು ಇಪ್ಪತ್ತನಾಲ್ಕು ಸಾವಿರದೊಳಗೆ ನಿಂತಿತು. ಎಲ್‌ಇಡಿ ವಾಲಿಗೆ ಒಂದೇ ಸಂಜೆಗೆ ಕೇಳಿದ್ದು ಹದಿನೆಂಟು.

ಏನು ತೋರಿಸುವುದು? ಉಚಿತ ಪ್ರದರ್ಶನವಾದರೂ ಹಕ್ಕುದಾರರ ಅನುಮತಿ ಬೇಕು. ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ, ಅದರೊಳಗಿನ ಹಾಡುಗಳ ಲೆಕ್ಕ ಬೇರೆ. ನಾನು ಕಿರುಚಿತ್ರ ಮಾಡಿದವರಿಂದಲೇ ಬರಹದಲ್ಲಿ ಒಪ್ಪಿಗೆ ಪಡೆಯುತ್ತೇನೆ, ಇಲ್ಲಿವರೆಗೆ ಒಬ್ಬರೂ ಇಲ್ಲ ಅಂದಿಲ್ಲ. ಮಕ್ಕಳಿಗೆ ಬ್ಲೆಂಡರ್ ಸಂಸ್ಥೆಯ 'ಬಿಗ್ ಬಕ್ ಬನ್ನಿ' (2008): ಮುಕ್ತ ಪರವಾನಗಿ, ಹತ್ತು ನಿಮಿಷ, ಮಾತೇ ಇಲ್ಲ, ಮನೆಮಾತು ಯಾವುದಾದರೂ ನಡೆಯುತ್ತದೆ. ರಾತ್ರಿ ದೃಶ್ಯ ಜಾಸ್ತಿ ಇರುವ ಚಿತ್ರ ಬಯಲಿಗೆ ಆಗಲ್ಲ.

ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು 6.40ರ ಹೊತ್ತಿಗೆ, ಚಿತ್ರಕ್ಕೆ ಸಾಕಾಗುವಷ್ಟು ಕತ್ತಲೆ 7.15ಕ್ಕೆ. ಮೊದಲೇ ಶುರು ಮಾಡಿದರೆ ಮಸುಕು ನೋಡಿ ಜನ ಹೊರಡುತ್ತಾರೆ. ಆ ಮೂವತ್ತೈದು ನಿಮಿಷಕ್ಕೆ ಲಗೋರಿ, ಕುಂಟೆಬಿಲ್ಲೆ. ಮುಸ್ಸಂಜೆ ಕವಿದ ಮೇಲೆ ಪ್ರೊಜೆಕ್ಟರಿನ ಖಾಲಿ ಬೆಳಕಿನಲ್ಲಿ ಕೈನೆರಳಿನ ಜಿಂಕೆ, ಹಕ್ಕಿ.

ಅದೇ ಜಿಐ ಪೈಪಿನಿಂದ ಇನ್ನೊಂದು ಪ್ರಯೋಗ ಹುಟ್ಟಿತು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ, ಮಧ್ಯಾಹ್ನ 12.17ರ ಹೊತ್ತಿಗೆ ನೆತ್ತಿಯ ಮೇಲೆ ಸೂರ್ಯ. ಗಾರೆಯವರ ತೂಗುಗುಂಡು ಹಿಡಿದು ಪೈಪನ್ನು ನೆಟ್ಟಗೆ ನಿಲ್ಲಿಸಿದರೆ ನೆರಳು ಬುಡದೊಳಗೇ ಅಡಗುತ್ತದೆ. 12 ಗಂಟೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚಾಕ್‌ಪೀಸ್ ಗುರುತು ಹಾಕಿಸಿ. ಖರ್ಚು ಸೊನ್ನೆ, ದೊಡ್ಡವರೂ ಟೋಪಿ ಹಾಕಿಕೊಂಡು ನಿಲ್ಲುತ್ತಾರೆ. ಒಂದು ಡಿಗ್ರಿ ವಾಲಿದರೂ ನೆರಳು ಉಳಿಯುತ್ತದೆ, ಕಣ್ಣಳತೆ ನಂಬಬೇಡಿ.

ಮೊದಲ ಮಳೆಯ ಮಾರನೇ ಸಂಜೆ ರೆಕ್ಕೆ ಬಂದ ಗೆದ್ದಲುಹುಳ ಏಳುತ್ತವೆ. ಲೆನ್ಸಿನ ಮುಂದೆ ಒಂದು ಹಾರಿದರೆ ಪರದೆಯ ಮೇಲೆ ಕಾಗೆಯಷ್ಟು ನೆರಳಾಗುತ್ತದೆ. ಪ್ರೊಜೆಕ್ಟರ್ ಹಚ್ಚುವ ಕಾಲು ಗಂಟೆ ಮೊದಲೇ ಐವತ್ತಡಿ ಹಿಂದೆ ಒಂದು ಬಿಳಿ ಬಲ್ಬು ಹಚ್ಚಿ, ಕೆಳಗೆ ಅಗಲ ಬಾಣಲೆಯಲ್ಲಿ ನೀರು. ಬಹುಪಾಲು ಅಲ್ಲಿಗೇ ಹೋಗುತ್ತವೆ.

ಎಪ್ಪತ್ತು ಜನಕ್ಕೆ ಮಜ್ಜಿಗೆ: 5 ಲೀಟರ್ ಮೊಸರಿಗೆ 15 ಲೀಟರ್ ನೀರು, ಉಪ್ಪು 120 ಗ್ರಾಂ, ನೂರು ಗ್ರಾಂ ಶುಂಠಿ, ಹತ್ತು ಹಸಿಮೆಣಸು ಜಜ್ಜಿ, ಇಂಗು, ಕರಿಬೇವು. ಎರಡೆರಡು ಲೋಟ ಬರುತ್ತದೆ. ಲೋಟ ಅವರವರ ಮನೆಯಿಂದಲೇ ತರಲಿ, ಕಸ ಇರಲ್ಲ. ಮುಗಿದ ಮೇಲೆ ಪರದೆಯನ್ನು ಮಡಿಸದೆ ನಾಲ್ಕಿಂಚಿನ ಪೈಪಿಗೆ ಸುತ್ತಿ, ತೇವ ತಾಗಿದ್ದರೆ ಬೆಳಿಗ್ಗೆ ನೆರಳಲ್ಲಿ ಬಿಚ್ಚಿ ಒಣಗಿಸಿ. ಒದ್ದೆಯಾಗೇ ಬಿಟ್ಟರೆ ಹಿಂದಿನ ಲೇಪ ಒಂದಕ್ಕೊಂದು ಅಂಟಿ ಎಳೆದಾಗ ಕಿತ್ತು ಬರುತ್ತದೆ.